ರೇಟು ಕೇಳಬೇಡಿ, ಅದು ಗೌಪ್ಯ

ಈಗಿನ ಸಂಬಳ ಎಷ್ಟು ಸರ್? ಎಷ್ಟು ಎಕ್ಸ್‌ಪೆಕ್ಟ್ ಮಾಡ್ತಿದೀರಾ? ನೋಟಿಸ್ ಪೀರಿಯಡ್ ಎಷ್ಟು ದಿನ? ಮೂರು ತಿಂಗಳ ಪೇಸ್ಲಿಪ್ ಕಳಿಸಿ. ಫಾರ್ಮ್ 16 ಕಳಿಸಿ. ಆಧಾರ್, ಪ್ಯಾನ್, ಪಿಎಫ್‌ನ ಯುಎಎನ್ ನಂಬರ್ ಕಳಿಸಿ. ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ, ಪ್ಲೀಸ್.

ಗುತ್ತಿಗೆ ಕೆಲಸ ಕೊಡಿಸುವ ಏಜೆನ್ಸಿಯವರು ಕೇಳಿದ್ದನ್ನೆಲ್ಲ ಕಳಿಸಿ. ಆಮೇಲೆ ನೀವೂ ಒಂದು ಪ್ರಶ್ನೆ ಕೇಳಿ. ‘ನನ್ನ ಕೆಲಸಕ್ಕೆ ಕ್ಲೈಂಟ್ ಕಂಪನಿ ನಿಮಗೆ ತಿಂಗಳಿಗೆ ಎಷ್ಟು ಕೊಡುತ್ತೆ?’

‘ಅದು ಕಾನ್ಫಿಡೆನ್ಷಿಯಲ್ ಸರ್.’

ನಿಮ್ಮ ಜಾತಕ ಪೂರ್ತಿ ಅವರ ಕೈಯಲ್ಲಿ. ಅವರ ಒಂದೇ ಒಂದು ಅಂಕಿ ಮಾತ್ರ ದೇಶದ ರಕ್ಷಣಾ ರಹಸ್ಯ. ಅದೂ ಯಾರ ಬೆಲೆ? ನಿಮ್ಮದೇ.

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡಗಳೊಳಗೆ ಹೋಗಿ ನೋಡಿ. ಒಂದೇ ಮಹಡಿ, ಒಂದೇ ಟೀಮು, ಒಂದೇ ಕೋಡು ಬರೆಯುವ ಇಬ್ಬರು. ಕೊರಳಿನ ಟ್ಯಾಗಿನ ಬಣ್ಣ ಮಾತ್ರ ಬೇರೆ. ಒಬ್ಬ ಕಂಪನಿಯ ನೌಕರ. ಇನ್ನೊಬ್ಬ ‘ರಿಸೋರ್ಸ್’. ನೌಕರನಿಗೆ ದೀಪಾವಳಿಗೆ ಸಿಹಿ ಡಬ್ಬಿ. ರಿಸೋರ್ಸಿಗೆ ದೀಪಾವಳಿಯಂದು ಸಂಬಳ ಕಟ್. ಗೋಡೆಯ ಮೇಲೆ ದೊಡ್ಡಕ್ಷರದ ಫಲಕ: ನಾವೆಲ್ಲ ಒಂದೇ ಕುಟುಂಬ. ಹೌದು, ಕೆಲವರು ಮನೆಮಕ್ಕಳು, ಕೆಲವರು ಬಾಡಿಗೆಗೆ ತಂದವರು.

ಕೆಲಸ ಕೊಡಿಸುವವನಿಗೆ ದುಡ್ಡು ಕೊಡಬಾರದೆಂದು ಯಾರೂ ಹೇಳುತ್ತಿಲ್ಲ. ಅವನು ಹುಡುಕುತ್ತಾನೆ, ಪಿಎಫ್ ಕಟ್ಟುತ್ತಾನೆ, ಕಂಪನಿ ಅರವತ್ತು ದಿನ ಬಿಟ್ಟು ಬಿಲ್ ಪಾವತಿಸಿದರೂ (ಪ್ರಾಮಾಣಿಕನಾಗಿದ್ದರೆ) ಒಂದನೇ ತಾರೀಖಿಗೆ ಸಂಬಳ ಹಾಕುತ್ತಾನೆ. ಅದಕ್ಕೊಂದು ಬೆಲೆ ಇದೆ, ತಗೊಳ್ಳಲಿ. ಆದರೆ ಎಷ್ಟು ತಗೊಂಡೆ ಅಂತ ಹೇಳಲಿ. ಹೇಳಲು ನಾಚಿಕೆಯಾಗುವಷ್ಟು ತಗೊಂಡಿದ್ದರೆ, ತಗೊಳ್ಳುವಾಗ ಆ ನಾಚಿಕೆ ಎಲ್ಲಿತ್ತು?

ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ವ್ಯಾಪಾರ ಕುದುರಿಸುತ್ತಾನೆ. ಸುತ್ತ ನಿಂತವರಿಗೆ ಏನೂ ಕಾಣದು. ಆದರೂ ಅಲ್ಲಿ ಟವೆಲ್ಲಿನ ಕೆಳಗೆ ಮಾರುವವನ ಕೈ ಇರುತ್ತದೆ. ಬೆಲೆ ಗೊತ್ತಿಲ್ಲದಿರುವುದು ಎತ್ತಿಗೆ ಮಾತ್ರ. ಎಂಜಿನಿಯರಿಂಗ್ ಓದಿ, ಹನ್ನೆರಡು ವರ್ಷದ ಅನುಭವ ಹೊತ್ತು, ಸಿಸ್ಟಂ ಡಿಸೈನಿನ ಮೂರು ಸುತ್ತು ಸಂದರ್ಶನ ಕೊಟ್ಟು ಬಂದ ಮನುಷ್ಯನಿಗೆ ಈ ವ್ಯಾಪಾರದಲ್ಲಿ ಸಿಕ್ಕಿರುವ ಸ್ಥಾನ ಅದೇ.

ಚೌಕಾಸಿ ಹೇಗೆ ನಡೆಯುತ್ತದೆ, ನೋಡಿ.

ಫೋನು ಬರುತ್ತದೆ. ಕ್ಲೈಂಟ್ ಯಾರು? ‘ಟಾಪ್ ಎಂಎನ್‌ಸಿ ಸರ್.’ ಹೆಸರು? ‘ಆರ್‌ಟಿಆರ್ ಕೊಟ್ಟ ಮೇಲೆ ಹೇಳ್ತೀವಿ.’ ಆರ್‌ಟಿಆರ್ ಅಂದರೆ ನೀವು ಬರೆದುಕೊಡಬೇಕಾದ ಒಂದು ಇಮೇಲ್. ಇಂಥ ರೇಟಿಗೆ ನನ್ನ ಒಪ್ಪಿಗೆ ಇದೆ, ಈ ಕೆಲಸಕ್ಕೆ ನನ್ನ ಪರವಾಗಿ ಮಾತಾಡುವ ಹಕ್ಕು ಈ ಏಜೆನ್ಸಿಗೆ ಮಾತ್ರ. ಕಂಪನಿ ಯಾವುದೆಂದು ಗೊತ್ತಾಗುವ ಮೊದಲೇ, ಕೆಲಸ ಏನೆಂದು ತಿಳಿಯುವ ಮೊದಲೇ, ರೇಟಿಗೆ ರುಜು. ಹುಡುಗಿಯ ಊರು ಕೇಳುವ ಮೊದಲೇ ತಾಳಿ.

ಮರುದಿನ ಇನ್ನೊಂದು ಏಜೆನ್ಸಿಯ ಫೋನು. ಅದೇ ಕೆಲಸ, ಅದೇ ಕಂಪನಿ, ತಿಂಗಳಿಗೆ ಇಪ್ಪತ್ತು ಸಾವಿರ ಹೆಚ್ಚು. ನೀವು ಹಿಗ್ಗುತ್ತೀರಿ. ಹಿಗ್ಗಬೇಡಿ. ಎರಡು ಕಡೆಯಿಂದ ಒಂದೇ ರೆಸ್ಯೂಮೆ ಹೋದರೆ ಕಂಪನಿ ಎರಡನ್ನೂ ಕಸದಬುಟ್ಟಿಗೆ ಹಾಕುತ್ತದೆ. ಅದರ ಹೆಸರು ಡಬಲ್ ಸಬ್‌ಮಿಷನ್. ತಪ್ಪು ಯಾರದು? ನಿಮ್ಮದು. ಇಬ್ಬರು ವರ್ತಕರಿಗೆ ಒಂದೇ ಸರಕು ತೋರಿಸಿ ಹೆಚ್ಚು ಕೊಡುವವನಿಗೆ ಕೊಡುವುದು ಜಗತ್ತಿನ ಎಲ್ಲ ಸಂತೆಗಳಲ್ಲಿ ವ್ಯಾಪಾರ. ಇಲ್ಲಿ ಅದು ‘ಅನ್‌ಪ್ರೊಫೆಷನಲ್’.

ಮುಕ್ತ ಮಾರುಕಟ್ಟೆ ಎಂದು ಉಪನ್ಯಾಸ ಕೊಡುವವರೂ ಇವರೇ. ಮಾರುಕಟ್ಟೆ ಮುಕ್ತವೇ. ನೀವೊಬ್ಬರು ಅದರ ಒಳಗಿಲ್ಲ, ಅಷ್ಟೆ.

ಇನ್ನು ಲೆಕ್ಕ. ಮಾತಿಗೆ ಹಿಡಿಯೋಣ, ಕಂಪನಿ ನಿಮ್ಮ ತಲೆಗೆ ತಿಂಗಳಿಗೆ ಎರಡು ಲಕ್ಷದ ಬಿಲ್ ಒಪ್ಪಿದೆ. ಮೇಲೆ ಶೇ 18 ಜಿಎಸ್‌ಟಿ, 36,000. ಅದನ್ನು ಕಂಪನಿ ತೆರಿಗೆ ಕ್ರೆಡಿಟ್ಟಿನಲ್ಲಿ ಸರಿಮಾಡಿಕೊಳ್ಳುತ್ತದೆ, ಬಿಡಿ. ಮೊದಲನೇ ಏಜೆನ್ಸಿ ಶೇ 20 ಇಟ್ಟುಕೊಂಡಿತು. ಉಳಿದದ್ದು 1,60,000. ಅವರಿಗೆ ಹುಡುಗ ಸಿಗಲಿಲ್ಲ, ಎರಡನೇ ಏಜೆನ್ಸಿಗೆ ಹೇಳಿದರು. ಅದು ಶೇ 15 ಇಟ್ಟುಕೊಂಡಿತು. ಉಳಿದದ್ದು 1,36,000. ಇದು ನಿಮ್ಮ ‘ಪ್ಯಾಕೇಜು’. ಇದರೊಳಗೆ ಮಾಲೀಕರ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆಯ ಕಂತು ಎಲ್ಲ ತುರುಕಿದ್ದಾರೆ. ಆಮೇಲೆ ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ, ಆದಾಯ ತೆರಿಗೆ. ಕೈಗೆ ಸಿಗುವುದು ಒಂದು ಲಕ್ಷ ಇಪ್ಪತ್ತು ಸಾವಿರದ ಆಚೀಚೆ.

ನಡುವೆ ನಿಂತ ಇಬ್ಬರು ಸೇರಿ ತಿಂಗಳಿಗೆ 64,000 ತೆಗೆದುಕೊಂಡರು. ಪ್ರತಿ ತಿಂಗಳು. ಒಂದು ಸಲ ರೆಸ್ಯೂಮೆ ಫಾರ್ವರ್ಡ್ ಮಾಡಿದ್ದಕ್ಕೆ.

ನೀವೀಗ ಐದು ಸಾವಿರ ಜಾಸ್ತಿ ಕೇಳಿ. ‘ಸರ್, ಮಾರ್ಜಿನ್ ತುಂಬಾ ಟೈಟ್. ನಮಗೇನೂ ಉಳಿಯಲ್ಲ.’ ಪಾಪ. ಸಮಾಜಸೇವೆ ಮಾಡುತ್ತಿದ್ದಾರೆ.

ಮಾಲೀಕರ ಪಾಲಿನ ಪಿಎಫ್ ಅಂದೆನಲ್ಲ, ಅದರಲ್ಲೂ ಒಂದು ತಮಾಷೆ ಇದೆ. 1952ರ ಪಿಎಫ್ ಯೋಜನೆ ಸ್ಪಷ್ಟವಾಗಿ ಹೇಳುತ್ತದೆ, ಮಾಲೀಕ ತನ್ನ ಪಾಲನ್ನು ನೌಕರನ ಸಂಬಳದಿಂದ ಮುರಿಯಕೂಡದು. ಯಾರೂ ಮುರಿಯುವುದಿಲ್ಲ. ಮೊದಲೇ ಸಂಬಳದ ಹೊರಗಿಟ್ಟು, ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂಬ ಚೀಲದ ಒಳಗಿಡುತ್ತಾರೆ. ಕೊಡುವವನು ಮಾಲೀಕ, ಕಳೆದುಕೊಳ್ಳುವವನು ನೀವು, ಕಾನೂನಿಗೆ ಪೂರ್ಣ ತೃಪ್ತಿ.

ಕರಾರುಪತ್ರ ಓದಿದ್ದೀರಾ? ಓದಿ, ಒಳ್ಳೆಯ ಹಾಸ್ಯಸಾಹಿತ್ಯ. ಕ್ಲೈಂಟಿನ ಜೊತೆ ರೇಟಿನ ವಿಚಾರ ಮಾತಾಡಿದರೆ ವಜಾ. ಸಹೋದ್ಯೋಗಿಯ ಜೊತೆ ಮಾತಾಡಿದರೂ ವಜಾ. ಕೆಲಸ ಬಿಟ್ಟ ಮೇಲೆ ಒಂದು ವರ್ಷ ಆ ಕ್ಲೈಂಟಿನ ಹತ್ತಿರ ನೇರವಾಗಿ ಸೇರಿಕೊಂಡರೆ ದಂಡ. 1872ರ ಭಾರತೀಯ ಕರಾರು ಕಾಯಿದೆಯ 27ನೇ ಕಲಮಿನ ಪ್ರಕಾರ ಮನುಷ್ಯನ ದುಡಿಮೆಗೆ ಇಂಥ ಬೇಲಿ ಹಾಕುವ ಕರಾರು ಅಸಿಂಧು. ಆದರೂ ಬರೆಯುತ್ತಾರೆ. ಯಾಕೆಂದರೆ ರುಜು ಹಾಕುವವನು ಕಲಮು ಓದಿರುವುದಿಲ್ಲ, ಓದಿದವನು ಕೋರ್ಟಿಗೆ ಹೋಗುವುದಿಲ್ಲ.

ನೀವು ಹದಿನೈದು ದಿನದ ನೋಟಿಸ್ ಕೊಡಬೇಕು. ಅಥವಾ ತೊಂಬತ್ತು. ಅವರು ಕೊಡುವುದು ಶುಕ್ರವಾರ ಸಂಜೆಯ ಒಂದು ಫೋನು. ‘ಪ್ರಾಜೆಕ್ಟ್ ರ‍್ಯಾಂಪ್ ಡೌನ್ ಆಯ್ತು ಸರ್, ಲ್ಯಾಪ್‌ಟಾಪ್ ಸೋಮವಾರ ವಾಪಸ್ ಮಾಡಿ.’

ಡಿಸೆಂಬರ್ ಕೊನೆಯ ವಾರ ಅಮೆರಿಕದ ಕ್ಲೈಂಟು ಕಚೇರಿ ಮುಚ್ಚಿ ಕ್ರಿಸ್‌ಮಸ್ ಆಚರಿಸುತ್ತಾನೆ. ಬಿಲ್ಲಿಂಗ್ ಇಲ್ಲ. ಬಿಲ್ಲಿಂಗ್ ಇಲ್ಲದಿದ್ದರೆ ಸಂಬಳವೂ ಇಲ್ಲ. ಯೇಸು ಹುಟ್ಟಿದ್ದಕ್ಕೆ ಬಸವನಗುಡಿಯಲ್ಲಿ ಉಪವಾಸ. ಕ್ಲೈಂಟು ರೇಟನ್ನು ಶೇ 10 ಇಳಿಸಿದರೆ ಆ ಸುದ್ದಿ ನಿಮಗೆ ಅದೇ ದಿನ ಮುಟ್ಟುತ್ತದೆ. ಏರಿಸಿದರೆ? ಆ ಸುದ್ದಿಗೆ ಕಾಲಿಲ್ಲ.

ಸಿ ಟು ಎಚ್ ಎಂಬ ಇನ್ನೊಂದು ಕ್ಯಾರೆಟ್ಟಿದೆ. ಮೊದಲು ಕಾಂಟ್ರಾಕ್ಟ್, ಆರು ತಿಂಗಳಾದ ಮೇಲೆ ಪರ್ಮನೆಂಟ್. ಆರು ತಿಂಗಳಾಗುತ್ತದೆ. ಮ್ಯಾನೇಜರಿಗೆ ನೀವು ಬೇಕು. ಆದರೆ ನಿಮ್ಮನ್ನು ಬಿಟ್ಟುಕೊಡಲು ಏಜೆನ್ಸಿಗೆ ಕಂಪನಿ ಶುಲ್ಕ ಕಟ್ಟಬೇಕು. ಆ ಬಾಬತ್ತಿಗೆ ಬಜೆಟ್ ಇಲ್ಲ. ಇನ್ನಾರು ತಿಂಗಳು. ನಿಮಗೆ ಆಸೆ ತೋರಿಸಿದವನೇ ನಿಮ್ಮ ಬಾಗಿಲಿಗೆ ಸುಂಕದ ಕಟ್ಟೆ ಕಟ್ಟಿ ಕೂತಿದ್ದಾನೆ.

ಪಾರದರ್ಶಕತೆ ನಮ್ಮಲ್ಲಿ ಸಾಧ್ಯವಿಲ್ಲ ಎನ್ನುತ್ತಾರೆ. ಸುಳ್ಳು. ತಿಂಗಳಿಗೆ ಐನೂರು ರೂಪಾಯಿ ಮ್ಯೂಚುವಲ್ ಫಂಡಿಗೆ ಹಾಕಿ. ನಿಮ್ಮ ಏಜೆಂಟಿಗೆ ಎಷ್ಟು ಕಮಿಷನ್ ಹೋಯಿತೆಂದು ಆರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟಿನಲ್ಲಿ ರೂಪಾಯಿ ಲೆಕ್ಕದಲ್ಲಿ ಬರುತ್ತದೆ. ಸೆಬಿ 2016ರಲ್ಲೇ ಆ ನಿಯಮ ಮಾಡಿತು. ಅಂದರೆ ಉಳಿಸಿದ ಐನೂರರಲ್ಲಿ ಯಾರು ಎಷ್ಟು ತಿಂದರೆಂದು ತಿಳಿಯುವ ಹಕ್ಕು ನಿಮಗಿದೆ. ದುಡಿದ ಎರಡು ಲಕ್ಷದಲ್ಲಿ ಯಾರು ಎಷ್ಟು ತಿಂದರೆಂದು ತಿಳಿಯುವ ಹಕ್ಕಿಲ್ಲ.

ದುಬೈಗೆ ಕೂಲಿಗೆ ಹೋಗುವವನಿಂದ ನೋಂದಾಯಿತ ಏಜೆಂಟ್ ಎಷ್ಟು ಸೇವಾ ಶುಲ್ಕ ತಗೊಳ್ಳಬಹುದು? 1983ರ ವಲಸೆ ಕಾಯಿದೆಯ ನಿಯಮದಲ್ಲಿ ಮಿತಿ ಇದೆ: 30,000 ರೂಪಾಯಿ ಮತ್ತು ಜಿಎಸ್‌ಟಿ. ಪಾಲಿಸುತ್ತಾರೋ ಇಲ್ಲವೋ, ಕಾಗದದ ಮೇಲಾದರೂ ಇದೆ. ಹಾವೇರಿಯಿಂದ ಬೆಂಗಳೂರಿಗೆ ಬರುವವನ ದುಡಿಮೆಯಲ್ಲಿ ಏಜೆನ್ಸಿ ಎಷ್ಟು ಮುರಿಯಬಹುದೆಂಬುದಕ್ಕೆ ಕಾಗದದ ಮೇಲೂ ಮಿತಿ ಇಲ್ಲ. ಹುಡುಗನಿಗೆ ರಕ್ಷಣೆ ಬೇಕಿದ್ದರೆ ಸಮುದ್ರ ದಾಟಲಿ.

ಸಮುದ್ರ ದಾಟಿದವರ ಕಥೆ ಎರಡು ಮಾತಲ್ಲಿ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 6ರಿಂದ, ಏಜೆನ್ಸಿ ಮೂಲಕ ಸೇರುವವನಿಗೆ ಒಪ್ಪಂದಕ್ಕೆ ಮೊದಲೇ ಒಂದು ಮಾಹಿತಿ ಪತ್ರ ಕೊಡಬೇಕು. ಸಂಬಳ ಯಾರು ಕೊಡುತ್ತಾರೆ, ಯಾವ ಯಾವ ಬಾಬತ್ತಿಗೆ ಎಷ್ಟು ಕಡಿತ, ಕೈಗೆ ಎಷ್ಟು, ಉದಾಹರಣೆ ಸಮೇತ. ಅಮೆರಿಕದಲ್ಲಿ ಎಚ್1ಬಿ ನೌಕರನಿಗೆ ಪ್ರಾಜೆಕ್ಟ್ ಇಲ್ಲವೆಂದು ಸಂಬಳ ನಿಲ್ಲಿಸುವುದು ಕಾನೂನುಬಾಹಿರ. ಆದರೂ ನ್ಯೂಜೆರ್ಸಿಯ ಗೆಸ್ಟ್‌ಹೌಸುಗಳಲ್ಲಿ ‘ಬೆಂಚ್’ ಮೇಲೆ ಕೂತು ಊರಿನಿಂದ ದುಡ್ಡು ತರಿಸಿಕೊಂಡವರು ನಮ್ಮವರೇ, ಕೂರಿಸಿದ ಕನ್ಸಲ್ಟೆನ್ಸಿಯವರೂ ಬಹಳ ಸಲ ನಮ್ಮವರೇ. ದಲ್ಲಾಳಿತನವನ್ನು ನಾವು ಬ್ಯಾಗೇಜಿನಲ್ಲಿ ಒಯ್ಯುತ್ತೇವೆ, ಉಪ್ಪಿನಕಾಯಿ ಪಕ್ಕದಲ್ಲಿ.

ಐಟಿಯವರ ಗೋಳು ಸಾಕು. ಅವರಿಗೆ ಕೊನೇಪಕ್ಷ ಕೈಗೆ ಲಕ್ಷ ಬರುತ್ತದೆ, ಗೊಣಗಲು ಎಸಿ ಇದೆ. ಕೋಲಾರದ ಕಡೆ ಹೋಗೋಣ.

2020ರ ಡಿಸೆಂಬರ್ 12. ನರಸಾಪುರ. ವಿಸ್ಟ್ರಾನ್ ಕಂಪನಿಯ ಐಫೋನ್ ಕಾರ್ಖಾನೆ. ಬೆಳಗ್ಗೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು, ಬೆಂಕಿ ಹಚ್ಚಿದರು. ದೇಶ ಬೆಚ್ಚಿಬಿತ್ತು. ಕರ್ನಾಟಕದ ಹೆಸರು ಹಾಳಾಯಿತು, ಹೂಡಿಕೆದಾರರು ಏನೆಂದುಕೊಂಡಾರು ಎಂದು ವಿಧಾನಸೌಧ ಚಡಪಡಿಸಿತು. ಪೊಲೀಸರು ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ಕಂಪನಿ ಮೊದಲು ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ. ಆಮೇಲೆ ತೈವಾನಿನ ಷೇರುಪೇಟೆಗೆ ಲೆಕ್ಕ ಕೊಡಬೇಕಾಗಿ ಬಂದಾಗ ಅದೇ ನಷ್ಟ ಐವತ್ತು ಕೋಟಿಯ ಆಸುಪಾಸಿಗೆ ಇಳಿಯಿತು. ಪೊಲೀಸರೆದುರು ಒಂದು ಅಂಕಿ, ಷೇರುದಾರರೆದುರು ಇನ್ನೊಂದು.

ಕಾರ್ಮಿಕರೂ ಒಂದು ಅಂಕಿ ಹೇಳಿದ್ದರು. ಎಂಜಿನಿಯರಿಂಗ್ ಓದಿದವನಿಗೆ ತಿಂಗಳಿಗೆ 21,000 ಎಂದು ಹೇಳಿ ಕರೆತಂದರು. ಕೊಟ್ಟದ್ದು 16,000. ಆಮೇಲೆ 12,000. ಪಾಳಿ ಮಾತ್ರ ಎಂಟು ಗಂಟೆಯದು ಹನ್ನೆರಡಾಯಿತು. ಸಂಬಳ ಇಳಿಯುತ್ತ ಹೋಯಿತು, ಗಂಟೆ ಏರುತ್ತ ಹೋಯಿತು. ಈ ಅಂಕಿಗಳನ್ನು ಗಾಜು ಒಡೆಯುವ ಮೊದಲು ಕೇಳಿಸಿಕೊಂಡವರು ಯಾರು?

ಕೇಳಬೇಕಾದವರು ಯಾರೆಂಬುದೇ ಅಲ್ಲಿನ ಗೊಂದಲ. ಹತ್ತು ಸಾವಿರದಷ್ಟಿದ್ದ ಕೆಲಸಗಾರರಲ್ಲಿ ಬಹುಪಾಲು ಜನ ಕಂಪನಿಯವರಲ್ಲ. ಬೇರೆ ಬೇರೆ ಏಜೆನ್ಸಿಗಳ ಮೂಲಕ ಬಂದವರು. ಸಂಬಳ ಕಡಿಮೆ ಬಂತು ಎಂದು ಕಾರ್ಖಾನೆಯ ಎಚ್‌ಆರ್ ಹತ್ತಿರ ಹೋದರೆ, ‘ನಿಮ್ಮ ಏಜೆನ್ಸಿಯನ್ನು ಕೇಳಿ.’ ಏಜೆನ್ಸಿಯನ್ನು ಕೇಳಿದರೆ, ‘ಕಂಪನಿಯಿಂದ ಹಾಜರಾತಿ ಬಂದದ್ದೇ ಇಷ್ಟು.’ ಒಂದೇ ಗೇಟಿನ ಎರಡು ಕಡೆ ಇಬ್ಬರು ನಿಂತು, ಇನ್ನೊಬ್ಬನ ಕಡೆ ಬೆರಳು ತೋರಿಸುವ ಈ ವ್ಯವಸ್ಥೆಗೆ ಆಧುನಿಕ ಮಾನವ ಸಂಪನ್ಮೂಲ ನಿರ್ವಹಣೆ ಎನ್ನುತ್ತಾರೆ. ಅದರಲ್ಲಿ ಎಂಬಿಎ ಮಾಡಬಹುದು.

ಆಮೇಲೆ ಸರ್ಕಾರದ ಅಧಿಕಾರಿಗಳು ಪರಿಶೀಲಿಸಿದರು. ಕಾರ್ಮಿಕ ಕಾನೂನಿನ ಉಲ್ಲಂಘನೆಗಳು ಕಂಡವು. ಕೆಲಸಗಾರರ ಸಂಖ್ಯೆ ಕೆಲವೇ ತಿಂಗಳಲ್ಲಿ ದುಪ್ಪಟ್ಟಾಗಿತ್ತು, ಸಂಬಳದ ಲೆಕ್ಕ ಇಡುವವರು ಮಾತ್ರ ಅಷ್ಟೇ ಇದ್ದರು. ಕಂಪನಿ ತಪ್ಪೊಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಹಿರಿಯ ಅಧಿಕಾರಿಯನ್ನು ತೆಗೆಯಿತು. ಆ್ಯಪಲ್ ಹೊಸ ಆರ್ಡರ್ ಕೊಡುವುದಿಲ್ಲವೆಂದು ಕಣ್ಣು ಕೆಂಪಗೆ ಮಾಡಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಕಾರ್ಖಾನೆ ಈಗ ಟಾಟಾದವರ ಕೈಗೆ ಬಂದಿದೆ.

ಕಲ್ಲು ತೂರಿದ್ದು ಸರಿಯಲ್ಲ ಎಂದು ಪತ್ರಿಕೆಗಳು ಬರೆದವು. ಸರಿಯಲ್ಲ, ಒಪ್ಪಿದೆ. ಕಲ್ಲು ಬೀಳುವ ತನಕ ಕಾರ್ಮಿಕ ಇಲಾಖೆ ಎಲ್ಲಿತ್ತು ಎಂದು ಬರೆದವರು ಕಡಿಮೆ.

ಕಾನೂನೇ ಇರಲಿಲ್ಲವೇ? ಇತ್ತು. ಧಾರಾಳವಾಗಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯಿದೆ, ಇಪ್ಪತ್ತು ಜನ ಗುತ್ತಿಗೆಯವರಿದ್ದರೆ ಅನ್ವಯ. ಗುತ್ತಿಗೆದಾರ ಸಂಬಳ ಕೊಡದಿದ್ದರೆ, ಕಡಿಮೆ ಕೊಟ್ಟರೆ, ಮೂಲ ಮಾಲೀಕನೇ ಕೊಡಬೇಕೆಂದು 21ನೇ ಕಲಮು. ಸಂಬಳ ಹಂಚುವಾಗ ಮೂಲ ಮಾಲೀಕನ ಪ್ರತಿನಿಧಿ ಅಲ್ಲೇ ನಿಂತಿರಬೇಕೆಂದೂ ಬರೆದಿತ್ತು. ಕಾಯಂ ನೌಕರ ಮಾಡುವ ಕೆಲಸವನ್ನೇ ಮಾಡಿದರೆ ಅಷ್ಟೇ ಕೂಲಿ ಕೊಡಬೇಕೆಂಬುದು ಗುತ್ತಿಗೆ ಲೈಸೆನ್ಸಿನ ಷರತ್ತು. 1970ರಲ್ಲಿ ಕೂತು ಯಾರೋ ಪುಣ್ಯಾತ್ಮರು ಎಲ್ಲವನ್ನೂ ಯೋಚಿಸಿದ್ದರು. ಆಮೇಲೆ ಬಂದವರು ಅದನ್ನು ಓದದೇ ಇರುವುದನ್ನು ಯೋಚಿಸಿದರು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆಧುನೀಕರಣ ಎಂದರು. ಇಪ್ಪತ್ತು ಇದ್ದದ್ದು ಐವತ್ತಾಯಿತು. ನಲವತ್ತೊಂಬತ್ತು ಜನರ ಗುತ್ತಿಗೆದಾರರಿಗೆ ಶುಭಕಾಲ. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಹಾಕುವಂತಿಲ್ಲ ಎಂಬ ಗಟ್ಟಿ ನಿಯಮ ಬಂತು. ಜೊತೆಗೆ, ಯಾವುದು ಮುಖ್ಯ ಕೆಲಸ ಅಲ್ಲ ಎಂಬ ಪಟ್ಟಿಯೂ ಬಂತು. ಗುಡಿಸುವುದು ಅಲ್ಲ, ಕಾಯುವುದು ಅಲ್ಲ, ಅಡುಗೆ ಅಲ್ಲ, ಹೊರೆ ಇಳಿಸುವುದು ಅಲ್ಲ, ತೋಟದ ಕೆಲಸ ಅಲ್ಲ. ಒಂದು ದಿನ ಕಚೇರಿಯ ಶೌಚಾಲಯ ತೊಳೆಯದೆ ಬಿಟ್ಟರೆ ಯಾವುದು ಮುಖ್ಯ ಎಂದು ಸಿಇಒಗೆ ತಿಳಿಯುತ್ತದೆ.

ನಮ್ಮ ರಾಜ್ಯದ ಐಟಿ ಕಂಪನಿಗಳಿಗೆ, ನೌಕರರ ಸೇವಾ ಷರತ್ತುಗಳನ್ನು ನಿಗದಿಪಡಿಸುವ ಸ್ಥಾಯಿ ಆದೇಶಗಳ ಕಾಯಿದೆಯಿಂದ ವಿನಾಯಿತಿ ಇತ್ತು, 2024ರ ಜೂನ್‌ನಲ್ಲಿ ಅದನ್ನು ಇನ್ನೂ ಐದು ವರ್ಷಕ್ಕೆ ವಿಸ್ತರಿಸಿದರು. ಎಳೆಯ ಉದ್ಯಮ, ಬೆಳೆಯಲಿ ಎಂದು. ನಿವೃತ್ತಿಯ ವಯಸ್ಸಿನ ತನಕ ಅದು ಎಳೆಯದೇ.

ಖಾಸಗಿಯವರನ್ನು ಬೈದಾಯಿತು. ಸರ್ಕಾರ? ಸರ್ಕಾರವೇ ಈ ಶಾಲೆಯ ಹೆಡ್‌ಮಾಸ್ಟರು.

ಯಾವ ಸರ್ಕಾರಿ ಕಚೇರಿಗೆ ಬೇಕಾದರೂ ಹೋಗಿ. ಕಂಪ್ಯೂಟರ್ ಮುಂದೆ ಕೂತವನು ಹೊರಗುತ್ತಿಗೆ. ಜೀಪು ಓಡಿಸುವವನು ಹೊರಗುತ್ತಿಗೆ. ಆಸ್ಪತ್ರೆಯ ನರ್ಸ್ ಹೊರಗುತ್ತಿಗೆ. ಹಾಸ್ಟೆಲ್ಲಿನ ಅಡುಗೆಯಮ್ಮ ಹೊರಗುತ್ತಿಗೆ. ಕೆಲಸ ಒಳಗೆ, ಮನುಷ್ಯ ಹೊರಗೆ.

ಇವರನ್ನು ಒದಗಿಸುವ ಟೆಂಡರಿನಲ್ಲಿ ಒಂದು ಪವಾಡ ನಡೆಯುತ್ತದೆ. ಏಜೆನ್ಸಿಗಳು ಸೇವಾ ಶುಲ್ಕ ಎಷ್ಟೆಂದು ನಮೂದಿಸಬೇಕು. ಪೈಪೋಟಿಯ ಮೇಲೆ ಸೊನ್ನೆಯ ಹತ್ತಿರಕ್ಕೆ ಇಳಿಸುತ್ತಾರೆ. ನೂರಾರು ಜನರ ಹಾಜರಾತಿ, ಸಂಬಳ, ಪಿಎಫ್, ಇಎಸ್‌ಐ ಎಲ್ಲ ನೋಡಿಕೊಳ್ಳಲು ಪುಡಿಗಾಸು. ಅಧಿಕಾರಿಗಳು ಅದಕ್ಕೆ ಎಲ್1 (ಅತಿ ಕಡಿಮೆ ದರ) ಎಂದು ಮುದ್ರೆ ಒತ್ತಿ ಸರ್ಕಾರದ ದುಡ್ಡು ಉಳಿಸಿದೆವೆಂದು ಕಡತ ಮುಚ್ಚುತ್ತಾರೆ. ಲಾಭವೇ ಬೇಡ ಎನ್ನುವ ವ್ಯಾಪಾರಿ ಆ ಟೆಂಡರಿಗೆ ಯಾಕೆ ಹಾಗೆ ಕಚ್ಚಾಡುತ್ತಾನೆ, ಆ ಗುತ್ತಿಗೆಗೆ ಶಾಸಕರ ಶಿಫಾರಸು ಯಾಕೆ ಬೇಕಾಗುತ್ತದೆ ಎಂದು ಕೇಳುವ ಕಾಲಂ ಆ ಫಾರಂನಲ್ಲಿಲ್ಲ.

ಉತ್ತರ ಗೊತ್ತಿರುವುದು ಅಡುಗೆಯಮ್ಮನಿಗೆ. ಕೆಲಸಕ್ಕೆ ಸೇರುವಾಗ ‘ಡಿಪಾಸಿಟ್’ ಕೊಟ್ಟವಳು ಅವಳು. ಸಮವಸ್ತ್ರಕ್ಕೆಂದು ಹಿಡಿದದ್ದು ಅವಳ ಸಂಬಳದಲ್ಲಿ. ಪಿಎಫ್ ಕಡಿತವಾಗುತ್ತದೆ, ಖಾತೆಗೆ ಹೋಗಿರುವುದಿಲ್ಲ. ಸಂಬಳ ಬ್ಯಾಂಕಿಗೇ ಬೀಳುತ್ತದೆ, ಡಿಜಿಟಲ್ ಇಂಡಿಯಾ. ಎಟಿಎಂ ಕಾರ್ಡು ಸೂಪರ್‌ವೈಸರನ ಜೇಬಿನಲ್ಲಿ. ಅದೂ ಡಿಜಿಟಲ್ಲೇ. ಮೂರು ತಿಂಗಳು ಸಂಬಳ ಬರದಿದ್ದರೆ ‘ಇಲಾಖೆಯಿಂದ ಅನುದಾನ ಬಂದಿಲ್ಲಮ್ಮ, ನಾವೇನು ಮಾಡೋಣ’ ಎನ್ನುತ್ತಾನೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದರು ಹಿರಿಯರು. ಇಲ್ಲಿ ದೇವರೂ ಕೊಟ್ಟಿರುವುದಿಲ್ಲ.

2006ರಲ್ಲಿ ಕರ್ನಾಟಕ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಗಿ ಉಮಾದೇವಿ ಪ್ರಕರಣದಲ್ಲಿ ಗೆದ್ದುಬಂತು. ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಾಯಿತು. ಒಪ್ಪೋಣ. ಆದರೆ ಅದಾದ ಮೇಲೆ ಮುಂಬಾಗಿಲು ತೆರೆಯಬೇಕಿತ್ತಲ್ಲ? ಅದಕ್ಕೆ ಬೀಗ ಹಾಕಿ, ಹಿಂಬಾಗಿಲಿಗೆ ಒಬ್ಬ ಗುತ್ತಿಗೆದಾರನನ್ನು ನಿಲ್ಲಿಸಿದರು. 2016ರಲ್ಲಿ ಜಗ್‌ಜೀತ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು, ತಾತ್ಕಾಲಿಕ ನೌಕರನಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಲ್ಲಬೇಕು ಎಂದಿತು. ಮೊದಲನೇ ತೀರ್ಪು ಎಲ್ಲ ಕಚೇರಿಯ ಗುಮಾಸ್ತರಿಗೂ ಬಾಯಿಪಾಠ. ಎರಡನೆಯದರ ಪ್ರತಿ ಇನ್ನೂ ಇಲಾಖೆಗೆ ತಲುಪಿಲ್ಲ, ಟಪಾಲಿನಲ್ಲಿರಬೇಕು.

ದಲ್ಲಾಳಿಯನ್ನು ತೆಗೆಯಲು ಆಗುವುದೇ ಇಲ್ಲ ಎನ್ನುವವರು ಬೆಂಗಳೂರಿನ ಪೌರಕಾರ್ಮಿಕರನ್ನು ಮಾತಾಡಿಸಲಿ. ವರ್ಷಗಟ್ಟಲೆ ಗುತ್ತಿಗೆದಾರರು ಅವರ ಹೆಸರಲ್ಲಿ ಬಿಲ್ ಮಾಡಿದರು. ಪೊರಕೆ ಹಿಡಿದವರಿಗಿಂತ ಹಾಜರಿ ಪುಸ್ತಕದಲ್ಲಿದ್ದವರು ಹೆಚ್ಚು. ಹೋರಾಡಿ, ಬೀದಿಗಿಳಿದು, ನೇರ ಪಾವತಿ ತಂದುಕೊಂಡರು. 2022ರಲ್ಲಿ ಕಸ ಎತ್ತುವುದನ್ನು ನಿಲ್ಲಿಸಿ ಕೂತ ಮೇಲೆ ಕಾಯಂ ಮಾಡುವ ಮಾತು ಬಂತು. 2025ರ ಮೇ ದಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ನೇಮಕಾತಿ ಪತ್ರ ಸಿಕ್ಕಿತು. ನಗರ ದಿವಾಳಿಯಾಗಲಿಲ್ಲ. ಆಕಾಶ ಕಳಚಿಬೀಳಲಿಲ್ಲ. ನಡುವಿನವನು ಹೋದ, ಅಷ್ಟೆ.

ಎಂಟನೇ ಕ್ಲಾಸು ದಾಟದ ಹೆಂಗಸರು ಬೀದಿಯಲ್ಲಿ ಕೂತು ಕೇಳಿದ ಪ್ರಶ್ನೆಯನ್ನು, ಎಂಟೆಕ್ ಮುಗಿಸಿದವನು ಫೋನಿನಲ್ಲಿ ಕೇಳಲು ಹೆದರುತ್ತಾನೆ. ರಿಕ್ರೂಟರ್ ಬೇಜಾರು ಮಾಡಿಕೊಂಡಾರು.

ಹೆದರದಿದ್ದರೆ ಮಾಡಬಹುದಾದದ್ದು ಸ್ವಲ್ಪ ಇದೆ. ಹಳೆಯ ಸಂಬಳ ಹೇಳಬೇಡಿ, ಅದು ಈ ಕೆಲಸದ ಬೆಲೆಯಲ್ಲ. ಪೇಸ್ಲಿಪ್ಪನ್ನು ಆಫರ್ ಬರುವ ತನಕ ಕೊಡಬೇಡಿ. ಸಿಟಿಸಿಯಲ್ಲಿ ಮಾತಾಡಬೇಡಿ, ಕೈಗೆ ಎಷ್ಟು ಎಂದು ಕೇಳಿ, ಬರೆದುಕೊಡಿ ಎನ್ನಿ. ನಿಮಗೂ ಕ್ಲೈಂಟಿಗೂ ನಡುವೆ ಎಷ್ಟು ಏಜೆನ್ಸಿ ಇವೆ ಎಂದು ಕೇಳಿ, ಒಂದಕ್ಕಿಂತ ಹೆಚ್ಚಿದ್ದರೆ ಮೇಲಿನವನ ನಂಬರು ಹುಡುಕಿ. ಕ್ಲೈಂಟಿನ ರಜೆಗೆ ಸಂಬಳ ಉಂಟೋ ಇಲ್ಲವೋ ಕೇಳಿ. ಆರ್‌ಟಿಆರ್ ಕೊಡುವ ಮೊದಲು ಕಂಪನಿಯ ಹೆಸರು ಕೇಳಿ. ಪಕ್ಕದ ಸೀಟಿನವನ ರೇಟು ಕೇಳಿ, ನಿಮ್ಮದನ್ನೂ ಹೇಳಿ. ಕರಾರಿನ ಆ ಗೌಪ್ಯತೆಯ ಕಲಮು ಇರುವುದೇ ನೀವಿಬ್ಬರೂ ಮಾತಾಡಬಾರದೆಂದು.

ಇಷ್ಟು ಓದಿದ ನಮ್ಮ ಕಾಂಟ್ರಾಕ್ಟ್ ಎಂಜಿನಿಯರ್ ಮಹಾಶಯರು ತಲೆದೂಗುತ್ತಿರಬಹುದು. ಏಜೆನ್ಸಿಗಳು ರಕ್ತ ಹೀರುತ್ತವೆ, ಸರಿಯಾಗಿ ಬರೆದಿದ್ದಾರೆ ಎಂದು. ನಿಲ್ಲಿ ಸ್ವಾಮಿ. ಈ ಭಾನುವಾರ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಸಭೆ ಇದೆ.

ಗೇಟಿನಲ್ಲಿ ನಿಂತವನು ಒಡಿಶಾದವನೋ ಅಸ್ಸಾಮಿನವನೋ, ನೀವು ಕೇಳಿಲ್ಲ. ಎಲ್ಲರೂ ‘ಭಯ್ಯಾ’. ಹನ್ನೆರಡು ಗಂಟೆಯ ಪಾಳಿ. ಕಾನೂನಿನ ಪ್ರಕಾರ ಎಂಟು ಗಂಟೆ ಕೆಲಸ, ಮೇಲಿನ ನಾಲ್ಕು ಗಂಟೆಗೆ ದುಪ್ಪಟ್ಟು ದರ. ನೀವು ಏಜೆನ್ಸಿಗೆ ತಲೆಗಿಷ್ಟು ಎಂದು ಕಟ್ಟುತ್ತೀರಿ, ಮೇಲೆ ಶೇ 18 ಜಿಎಸ್‌ಟಿ. ಅದರಲ್ಲಿ ಅವನ ಕೈಗೆ ಎಷ್ಟು ಹೋಗುತ್ತದೆ? ಏಜೆನ್ಸಿಯನ್ನು ಕೇಳಿದ್ದೀರಾ? ಅವನ ಪಿಎಫ್ ಚಲನ್ ನೋಡಿದ್ದೀರಾ? ಕೇಳಬಹುದು, ನೀವೀಗ ಕ್ಲೈಂಟು. ಬಿಲ್ ರೇಟ್ ನಿಮ್ಮ ಕೈಯಲ್ಲೇ ಇದೆ. ವಾರಪೂರ್ತಿ ಯಾವ ಅಂಕಿಗಾಗಿ ಹಲ್ಲು ಕಡಿದಿರೋ ಆ ಅಂಕಿ.

ಕೇಳುವುದಿಲ್ಲ. ಅದು ಏಜೆನ್ಸಿಯ ಆಂತರಿಕ ವಿಷಯ.

ಸಭೆ ನಡೆಯಿತು. ಮೂರು ಕೊಟೇಶನ್ ತರಿಸಿ, ಅತಿ ಕಡಿಮೆಯದನ್ನು ಆರಿಸಿ, ಗಾರ್ಡೊಬ್ಬನಿಗೆ ತಿಂಗಳಿಗೆ ಎರಡು ಸಾವಿರ ಉಳಿಸಿದ ಕಾರ್ಯದರ್ಶಿಗಳಿಗೆ ಚಪ್ಪಾಳೆ. ಕಾರ್ಯದರ್ಶಿಗಳು ಔಟರ್ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಕಾಂಟ್ರಾಕ್ಟ್ ಮೇಲಿದ್ದಾರೆ. ಒಂದನೇ ತಾರೀಖಿನಿಂದ ಹೊಸ ಏಜೆನ್ಸಿ. ಗಾರ್ಡು ಹಳಬನೇ, ಅಂಗಿ ಮಾತ್ರ ಹೊಸದು, ಅದರ ದುಡ್ಡೂ ಅವನದೇ. ಆ ಎರಡು ಸಾವಿರ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಸಭೆಯ ಮುಂದಿನ ವಿಷಯ: ಈಜುಕೊಳದ ಟೈಲ್ಸ್.